ಮಾಟಗಾತಿಯರ ಟ್ಯಾರೋ, ಮದುವೆ ಕಾಗದದ ಪ್ರೆಸ್ಸು

ಮೊದಲೇ ಹೇಳಿಬಿಡುತ್ತೇನೆ, ನನ್ನ ಟ್ಯಾರೋ ಕಾರ್ಡುಗಳನ್ನು ಪ್ರಿಂಟ್ ಮಾಡಿಕೊಟ್ಟ ಪ್ರೆಸ್ಸಿನ ಹೆಸರು ಹಾಕುವುದಿಲ್ಲ. ಮೊದಲ ಸಲ ಕೆಲಸ ಕೆಟ್ಟಿತು. ಅದರಲ್ಲಿ ಅರ್ಧ ತಪ್ಪು ನನ್ನದೇ, ಉಳಿದರ್ಧವನ್ನು ಅವರೇ ಸರಿ ಮಾಡಿಕೊಟ್ಟರು. ಮಂಗಳೂರಿನ ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಮದುವೆ ಕಾಗದ, ಒಕ್ಕಲಿನ ಕಾಗದ, ಬಿಲ್ ಪುಸ್ತಕ ಮಾಡಿಕೊಡುವ ಒಂದು ಸಣ್ಣ ಪ್ರೆಸ್ಸು ಅಂತ ತಿಳಿದುಕೊಳ್ಳಿ.

ನಾನು ಹೋದದ್ದು ನಾನೇ ಬಿಡಿಸಿದ ಟ್ಯಾರೋ ಡೆಕ್, ಅಂದರೆ ಈಗ ಭವಿಷ್ಯ ನೋಡಲು ಬಳಸುವ ಚಿತ್ರದ ಕಾರ್ಡುಗಳ ಕಟ್ಟು, ಪ್ರಿಂಟ್ ಮಾಡಿಸಲು. ಒಂದೂವರೆ ವರ್ಷದ ಕೆಲಸ, ಪೂರ್ತಿ ಮಾಟಗಾತಿಯರದ್ದು. ಒಟ್ಟು 78 ಕಾರ್ಡ್. ಸನ್ಯಾಸಿಯಂಥ ಹೆಸರಿರುವ 22 ಮುಖ್ಯ ಕಾರ್ಡು, ಉಳಿದ 56 ಸಣ್ಣವು, ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಗುಂಪು (ಕೋಲು, ಲೋಟ, ಕತ್ತಿ, ನಾಣ್ಯ), ಒಂದೊಂದರಲ್ಲಿ 14. 15ನೇ ಶತಮಾನದ ಇಟಲಿಯಲ್ಲಿ ಇದು ಸುಮ್ನೆ ಆಡುವ ಆಟವೇ ಆಗಿತ್ತು, ಭವಿಷ್ಯ ಹೇಳುವವರ ಕೈಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಈಗ ಹೆಚ್ಚಿನವರು ಹಿಡಿಯುವ ದಾರಿ 1909ರಲ್ಲಿ ಲಂಡನ್ನಿನಲ್ಲಿ ಬಂದ ಡೆಕ್‌ನದ್ದು. ಅದರ ಚಿತ್ರ ಬಿಡಿಸಿದವರು ಪಮೇಲಾ ಕೋಲ್ಮನ್ ಸ್ಮಿತ್. ಅದಕ್ಕೆ ಮೊದಲು ಸಣ್ಣ ಕಾರ್ಡುಗಳಲ್ಲಿ ಹೆಚ್ಚಾಗಿ ಮೂರು ಲೋಟ, ಐದು ಕತ್ತಿ ಅಂತ ಎಣಿಕೆ ಮಾತ್ರ ಇರುತ್ತಿತ್ತು. ಅವರು ಪ್ರತಿಯೊಂದಕ್ಕೂ ಒಂದು ದೃಶ್ಯ ಕೊಟ್ಟರು, ಅಷ್ಟು ಮಾಡಿ ಅವರಿಗೆ ಸಿಕ್ಕ ದುಡ್ಡು ತೀರಾ ಕಡಿಮೆ. ಇವತ್ತು ಡೆಕ್ ಮಾಡುವವರಿಗೆಲ್ಲ 78 ಚಿತ್ರದ ಬೆನ್ನುನೋವು ಬಂದದ್ದು ಅಲ್ಲಿಂದಲೇ.

ನನ್ನದರಲ್ಲಿ ಕೋಲಿನ ಗುಂಪು ಹಿಡಿಸೂಡಿ ಆಗಿದೆ. ಮಾಟಗಾತಿಗೆ ಪೊರಕೆ ಬೇಕು, ನಮ್ಮೂರಲ್ಲಿ ಪೊರಕೆ ಅಂದರೆ ತೆಂಗಿನ ಕಡ್ಡಿಯದ್ದೇ ಅಲ್ವಾ. ಲೋಟದ ಜಾಗದಲ್ಲಿ ಕಂಚಿನ ಚರಿಗೆ. ಸನ್ಯಾಸಿ ಕಾರ್ಡಿನಲ್ಲಿ ಕಂದೀಲು ಹಿಡಿದ ಮುದುಕನ ಬದಲು ಚಿಮಿಣಿ ದೀಪ ಹಿಡಿದ ಅಜ್ಜಿ. ದೈವಗಳನ್ನು ಮಾತ್ರ ಮುಟ್ಟಲಿಲ್ಲ. ಅದು ಮಾಟಗಾತಿಯರ ಸಾಲಿಗೆ ತಂದು ನಿಲ್ಲಿಸುವಂಥದ್ದಲ್ಲ.

ಪೆನ್‌ಡ್ರೈವ್ ಕೊಟ್ಟಾಗ ಯಜಮಾನರು ಕನ್ನಡಕ ಏರಿಸಿ ಒಂದೊಂದೇ ಚಿತ್ರ ನೋಡಿದರು. "ಎಂತ ಮೇಡಂ ಇದು, ಮಾಟ ಗೀಟ ಮಾಡ್ಲಿಕ್ಕೆ ಅಲ್ಲ ಅಲ್ವಾ?" ಅಲ್ಲ ಅಂದೆ. "ಹಾಗಾದ್ರೆ ತೊಂದರೆ ಇಲ್ಲ. 300 ಜಿಎಸ್‌ಎಂ ಸಾಕಾ?"

ಅದು ಕಾಗದ ಎಷ್ಟು ದಪ್ಪ ಅಂತ ಹೇಳುವ ತೂಕದ ಲೆಕ್ಕ, ಅಲ್ಲಿ ನಾನು ಸಾಕು ಅಂದದ್ದು ಸರಿ. ಲ್ಯಾಮಿನೇಶನ್, ಅಂದರೆ ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್ ಅಂಟಿಸುವುದು, ಅದರ ಬಗ್ಗೆ ಕೇಳದೆ ಬಂದದ್ದು ತಪ್ಪು. ಮದುವೆ ಕಾಗದಕ್ಕೆ ಮಾಡುವ ಅಭ್ಯಾಸದಲ್ಲಿ ಅವರು ಮುಂದಿನ ಮಗ್ಗುಲಿಗೆ ಮಾತ್ರ ಮ್ಯಾಟ್ ಫಿಲ್ಮ್ ಹಾಕಿದರು. ಆಗ ಆಟಿ ತಿಂಗಳು, ಬಿಡದೆ ಮಳೆ. ಮನೆಗೆ ತಂದು ಮೇಜಿನ ಮೇಲಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ 78 ಕಾರ್ಡೂ ಹುರಿದ ಹಪ್ಪಳದ ಹಾಗೆ ಬಗ್ಗಿ ಕೂತಿವೆ! ಬರಿ ಕಾಗದದ ಮಗ್ಗುಲು ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಫಿಲ್ಮ್ ಇದ್ದ ಮಗ್ಗುಲು ಹಿಗ್ಗುವುದಿಲ್ಲ, ಹಾಗಾಗಿ ಕಾರ್ಡ್ ಫಿಲ್ಮಿನ ಕಡೆಗೆ ಬಾಗುತ್ತದೆ. ಕರಾವಳಿಯಲ್ಲಿ ಕಾರ್ಡ್ ಮಾಡಿಸುವವರು ಎರಡೂ ಮಗ್ಗುಲಿಗೆ ಹಾಕಿಸಿ, ಬಾಯಿಬಿಟ್ಟು ಹೇಳಿ ಹಾಕಿಸಿ.

ಇನ್ನೊಂದು ಎಡವಟ್ಟು ನನ್ನದೇ. ಪ್ರತಿ ಕಾರ್ಡಿನ ಸುತ್ತ ಎರಡು ಮಿಲಿಮೀಟರಿನ ಬಂಗಾರದ ಬಣ್ಣದ ಗೆರೆ ಎಳೆದಿದ್ದೆ. ಟ್ಯಾಬ್‌ನಲ್ಲಿ ಚಂದ. ಆದರೆ ಪ್ರೆಸ್ಸಿನಲ್ಲಿ ಹಾಳೆ ಅಟ್ಟಿ ಇಟ್ಟು ಒಟ್ಟಿಗೆ ಕತ್ತರಿಸುತ್ತಾರೆ, ಬ್ಲೇಡ್ ಕೆಳಗಿಳಿಯುವಾಗ ಕೂದಲೆಳೆಯಷ್ಟು ಜರುಗುತ್ತದೆ. ಅಷ್ಟು ಸಣ್ಣ ಗೆರೆಯಲ್ಲಿ ಅದು ಎದ್ದು ಕಾಣುತ್ತದೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಎರಡನೇ ಸಲ ಗೆರೆ ತೆಗೆದುಹಾಕಿ ಚಿತ್ರವನ್ನೇ ಅಂಚಿನಾಚೆ ಮೂರು ಮಿಲಿಮೀಟರ್ ಎಳೆದುಕೊಟ್ಟೆ. ಬಣ್ಣದ ಕಥೆಯೂ ಅದೇ. ಸ್ಕ್ರೀನಿನಲ್ಲಿ ಹೊಳೆಯುತ್ತಿದ್ದ ನೇರಳೆ ಕಾಗದದ ಮೇಲೆ ಸುಟ್ಟ ಬದನೆಕಾಯಿ ಆಯಿತು. ಫೈಲನ್ನು ಪ್ರೆಸ್ಸಿನ ನಾಲ್ಕು ಶಾಯಿಯ ಬಣ್ಣದ ಲೆಕ್ಕಕ್ಕೆ (ಸಿಎಂವೈಕೆ) ಬದಲಾಯಿಸಿ ನೋಡಿಕೊಳ್ಳದ ನನ್ನ ಸೋಮಾರಿತನ, ಅವರನ್ನು ದೂರಿ ಏನು ಪ್ರಯೋಜನ.

ಈಗ ಹೊಗಳಿಕೆ. ಎರಡನೇ ಪ್ರಿಂಟಿನ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಅಲ್ಲಿಯ ಹುಡುಗನ ಫೋನ್. "ಅಕ್ಕ, 12 ನಂಬರಿನ ಕಾರ್ಡಿನಲ್ಲಿ ಹೆಸರು ಸರಿ ಉಂಟು, ಹೆಂಗಸು ಮಾತ್ರ ತಲೆಕೆಳಗೆ ಆಗಿದ್ದಾಳೆ. ತಿರುಗಿಸ್ಬೇಕಾ?" ಅದು ನೇತಾಡುವವನ ಕಾರ್ಡ್, ಒಂದು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿಯೇ ಇರಬೇಕು. ನಾನು ಅಲ್ಲಿ ಮಾಟಗಾತಿಯನ್ನು ಕೂರಿಸುವಾಗ ತುಂಬಾ ಯೋಚಿಸಿದ್ದೆ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ 19 ಮಂದಿಯನ್ನು ನೇಣಿಗೆ ಹಾಕಿದ್ದರು, ಹಾಗಾಗಿ ಕುತ್ತಿಗೆಯ ಹತ್ತಿರ ಹಗ್ಗ ಎಲ್ಲೂ ಬರಬಾರದು ಅಂತ ಕೂದಲನ್ನು ಪೂರ್ತಿ ಕೆಳಗೆ ಇಳಿಬಿಟ್ಟಿದ್ದೆ. ಇದನ್ನೆಲ್ಲ ಫೋನಿನಲ್ಲಿ ಹೇಳಲಿಕ್ಕೆ ಹೋಗಲಿಲ್ಲ. "ಇರಲಿ, ಅವಳು ಹಾಗೆಯೇ" ಅಂದೆ. "ಆಯ್ತಕ್ಕ" ಅಂದ. ಆದರೆ 78 ಚಿತ್ರವನ್ನೂ ಒಬ್ಬ ಕಣ್ಣಿಟ್ಟು ನೋಡಿದ್ದಾನೆ! ಆನ್‌ಲೈನಿನಲ್ಲಿ ಫೈಲ್ ಏರಿಸಿದರೆ ಯಾರು ಮಾರಾಯ್ರೇ ಹೀಗೆ ಫೋನ್ ಮಾಡುತ್ತಾರೆ?

ರೇಟು ಹೇಳುತ್ತೇನೆ. 13x19 ಇಂಚಿನ ಒಂದು ಹಾಳೆಯಲ್ಲಿ 70x120 ಮಿಲಿಮೀಟರಿನ 12 ಕಾರ್ಡ್ ಕೂರುತ್ತವೆ, ಒಂದು ಡೆಕ್‌ಗೆ ಏಳು ಹಾಳೆ. ಪ್ರಿಂಟ್, ಎರಡು ಮಗ್ಗುಲಿನ ಲ್ಯಾಮಿನೇಶನ್, ಕತ್ತರಿಸುವುದು, ಮೂಲೆ ಉರುಟು ಮಾಡುವುದು ಎಲ್ಲ ಸೇರಿ ನನಗೆ 640 ರೂಪಾಯಿ ಬಿತ್ತು. 312 ಮೂಲೆಗಳನ್ನು ಆ ಹುಡುಗ ನಾಲ್ಕೈದು ಕಾರ್ಡ್ ಒಟ್ಟು ಹಿಡಿದು ಕೈ ಮಿಷನ್ನಿನಲ್ಲಿ ಒತ್ತಿದ್ದಾನೆ, ಎರಡು ಮೂರು ಕಡೆ ಸ್ವಲ್ಪ ಚೂಪು ಉಳಿದಿದೆ, ಹುಡುಕಿದರೆ ಮಾತ್ರ ಸಿಗುತ್ತದೆ. ಬಗ್ಗಿದ ಮೊದಲ ಸೆಟ್ಟಿಗೆ ಯಜಮಾನರು ದುಡ್ಡು ತೆಗೆದುಕೊಳ್ಳಲಿಲ್ಲ. ಹಾಳೆಯ ಖರ್ಚಾದರೂ ಹಿಡಿಯಿರಿ ಅಂದರೂ ಕೇಳಲಿಲ್ಲ.

ಕೊರತೆ ಅಂದರೆ ಸಮಯ. ನಾಲ್ಕು ದಿನ ಅಂದದ್ದು ಹನ್ನೊಂದು ದಿನ ಆಯಿತು, ನಡುವೆ ಯಾರದ್ದೋ ಮದುವೆ ಕಾಗದ ಬಂತು ಅಂತ ನನ್ನದು ಬದಿಗೆ ಹೋಯಿತು. ಮತ್ತೆ ಒಳ್ಳೆಯ ಇಸ್ಪೀಟಿನ ಎಲೆಯಲ್ಲಿ ಇರುವಂಥ, ನಡುವೆ ಕಪ್ಪು ಪದರ ಇರುವ ಕಾಗದ ಅವರಲ್ಲಿ ಇಲ್ಲ. ಜೋರು ಬೆಳಕಿಗೆ ಹಿಡಿದರೆ ಹಿಂದಿನ ಚಿತ್ರ ಮಸುಕಾಗಿ ಕಾಣುತ್ತದೆ. ಮನೆಯಲ್ಲಿ ಬಳಸುವ ನನಗೆ ಅದು ದೊಡ್ಡದಲ್ಲ, ಮಾರಲು ಹೊರಟವರಿಗೆ ಸಾಲದು.

ಪೆಟ್ಟಿಗೆ ಇನ್ನೂ ಆಗಿಲ್ಲ. ನೂರಕ್ಕಿಂತ ಕಡಿಮೆ ಮಾಡಿದರೆ ಗಿಟ್ಟುವುದಿಲ್ಲ ಅಂದರು. ಸದ್ಯಕ್ಕೆ ಮಾಟಗಾತಿಯರೆಲ್ಲ ಗೇರುಬೀಜದ ಖಾಲಿ ಡಬ್ಬಿಯಲ್ಲಿ ಇದ್ದಾರೆ, ಮಳೆ ಹಿಡಿದಿದ್ದರೂ ಒಬ್ಬಳೂ ಬಗ್ಗಿಲ್ಲ.