ಅತ್ತೆ, ಮಗಳು ಮತ್ತು ಗಡ್ಡಪ್ಪ

ಕಳೆದ ಶನಿವಾರ ಮನೆಯಲ್ಲೇ ಎರಡು ಸಿನಿಮಾ ನೋಡಿದೆವು. ಮೊದಲು 'ಒಂದು ಮೊಟ್ಟೆಯ ಕಥೆ'. 2017ರದ್ದು. ರಾಜ್ ಬಿ. ಶೆಟ್ಟಿ ತಾವೇ ನಿರ್ದೇಶಿಸಿ, ತಾವೇ ಬೋಳು ತಲೆಯ ಕನ್ನಡ ಮೇಷ್ಟ್ರಾಗಿದ್ದಾರೆ. ಮಗಳು ಬಿದ್ದು ಬಿದ್ದು ನಕ್ಕಳು. ನನ್ನವರು ಮಾತ್ರ ಸುಮ್ನೆ ತಲೆ ಸವರಿಕೊಂಡರು. ಇಷ್ಟವಾಯಿತು, ಆದರೆ ನಡುವೆ ಸ್ವಲ್ಪ ಎಳೆದ ಹಾಗೆ ಅನ್ನಿಸಿತು.

ಊಟ ಆದ ಮೇಲೆ ರಾಮ್ ರೆಡ್ಡಿ ಅವರ 'ತಿಥಿ' ಹಾಕಿದೆವು. ಕಥೆ ನಡೆಯೋದು ಮಂಡ್ಯದ ಹಳ್ಳಿಯೊಂದರಲ್ಲಿ, ನಮ್ಮತ್ತೆಯೂ ಆ ಕಡೆಯವರೇ. ನೂರು ದಾಟಿದ ಮುದುಕ ಸೆಂಚುರಿ ಗೌಡ ದಾರೀಲಿ ಹೋಗೋರಿಗೆಲ್ಲ ಬೈಯುತ್ತಾ ಕೂತಿದ್ದನ್ನು ನೋಡಿದ್ದೇ, "ಥೇಟ್ ನಮ್ಮ ದೊಡ್ಡಪ್ಪನೇ ಕಣೆ" ಅಂದರು. ಗೌಡ ಸತ್ತ ಮೇಲೆ ಹನ್ನೊಂದನೇ ದಿನದ ತಿಥಿವರೆಗಿನ ಕಥೆ ಇದು. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಲೆಕ್ಕಕ್ಕಿಲ್ಲ, ಜಮೀನೂ ಲೆಕ್ಕಕ್ಕಿಲ್ಲ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನದೇ ಚಿಂತೆ. ಯಾರೂ ವೃತ್ತಿಯ ನಟರಲ್ಲ, ಹಳ್ಳಿಯ ಜನರೇ. ಅದಕ್ಕೇ ಮಾತು ಅಷ್ಟು ಸಲೀಸು.

ಗಡ್ಡಪ್ಪ ಕುರಿ ಕಾಯೋರ ಜೊತೆ ಬೆಂಕಿ ಮುಂದೆ ಕೂತು ತನ್ನ ಕಥೆ ಹೇಳುತ್ತಾನೆ. ಅಳು ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಅಲ್ಲಿವರೆಗೆ ಬಾಯ್ತುಂಬ ನಗುತ್ತಿದ್ದ ಅತ್ತೆ ಎಲೆ ಅಡಿಕೆ ಕೈಯಲ್ಲೇ ಹಿಡಿದು ಕೂತರು. ಸರಿಯಾಗಿ ಅಲ್ಲೇ ನೆಟ್ ಕೈಕೊಟ್ಟು ಪರದೆ ಮೇಲೆ ಚಕ್ರ ತಿರುಗಿತು. ಹೊಟ್ಟೆ ಉರಿಯುತ್ತೆ, ಅಲ್ವಾ?

ಒಂದು ಮಾತು: ಬೈಗುಳ ಜಾಸ್ತಿ. ಚಿಕ್ಕ ಮಕ್ಕಳನ್ನು ಮಲಗಿಸಿ ಹಾಕಿ. ಅತ್ತೆ ಈ ಭಾನುವಾರ ಮತ್ತೆ ಅದನ್ನೇ ಹಾಕು ಅಂದಿದ್ದಾರೆ.