ಗಿಣಿ ತರೋಕೆ ಹೋದೆ, ಆರು ಸಂಜೆ ಕೂತು ಬಂದೆ: ಮೈಸೂರಿನ ಒಂದು ಹಕ್ಕಿ ಅಂಗಡಿ ಬಗ್ಗೆ

ಅಂಗಡಿ ಹೆಸರು ಬರೀತಿಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಅಲ್ಲಿ ತುಂಬಾ ಇಷ್ಟ ಆಗಿದ್ದೂ ಇದೆ, ಸಿಟ್ಟು ಬಂದಿದ್ದೂ ಇದೆ, ಹೆಸರು ಹಾಕಿದ್ರೆ ಅಲ್ಲಿ ಕೆಲಸಕ್ಕಿರೋ ಒಬ್ಬ ಒಳ್ಳೆ ಮನುಷ್ಯನಿಗೆ ತೊಂದ್ರೆ ಆಗುತ್ತೆ. ಮೈಸೂರಲ್ಲೇ ಇರೋ ಅಂಗಡಿ, ಹಕ್ಕಿ ಮೀನು ಮೊಲ ಎಲ್ಲಾ ಮಾರ್ತಾರೆ, ಊರಿಗೆ ಹೋಗೋರ ಹಕ್ಕಿಗಳನ್ನ ದಿನದ ಲೆಕ್ಕದಲ್ಲಿ ನೋಡ್ಕೊಳ್ತಾರೆ ಕೂಡ.

ನಂಗೆ ಈಗ 24. ಗಿಣಿ ಆಸೆ ಚಿಕ್ಕೋಳಿದ್ದಾಗಿಂದ. ಅಜ್ಜಿ ಮನೆ ಹಿತ್ತಲ ಸೀಬೆ ಮರಕ್ಕೆ ಹಿಂಡು ಹಿಂಡು ಬರೋವು, ಅರ್ಧ ಕಚ್ಚಿ ಬೀಳಿಸಿ ಹೋಗೋವು, ಗಿಣಿ ಕಚ್ಚಿದ ಹಣ್ಣೇ ಸಿಹಿ ಅಂತ ಅಜ್ಜಿ ಮಿಕ್ಕಿದ್ದನ್ನ ಕುಯ್ದು ಕೊಡೋರು. ಈಗ ಕೆಲಸ ಸಿಕ್ಕಿ ಸಂಬಳ ಬರೋಕೆ ಶುರುವಾಗಿದೆ, ಇನ್ನು ಯಾರನ್ನೂ ಕೇಳೋ ಹಂಗಿಲ್ಲ ಅನ್ಕೊಂಡೆ. ಅದಕ್ಕೆ ಸರಿಯಾಗಿ ಹೋದ ತಿಂಗಳು ಇಲ್ಲೇ ಮೈಸೂರಿನ ಅವಧೂತ ದತ್ತಪೀಠದ ಗಿಣಿ ಪಾರ್ಕು, ಶುಕವನಕ್ಕೆ ಹೋಗಿದ್ವಿ. 2017ರಲ್ಲಿ 468 ಜಾತಿ ಹಕ್ಕಿ ಒಂದೇ ಕಡೆ ಇದೆ ಅಂತ ಗಿನ್ನೆಸ್ ದಾಖಲೆ ಬಂತಲ್ಲ, ಅದೇ ಜಾಗ. 50 ಮೀಟರ್ ಎತ್ತರದ ಆವರಣ, ಆ ಬಣ್ಣ ಬಣ್ಣದ ದೊಡ್ಡ ಮಕಾವ್ ಗಿಣಿಗಳನ್ನ ನೋಡಿ ಮನೆಗೆ ಬಂದ ಮೇಲೂ ಎರಡು ದಿನ ಅದೇ ಗುಂಗು.

ಮುಂದಿನ ಶನಿವಾರನೇ ಈ ಅಂಗಡಿಗೆ ಹೋದೆ. ಕೌಂಟರಲ್ಲಿದ್ದ ಓನರ್ ಮೊದ್ಲು ತೋರಿಸಿದ್ದು ಸನ್ ಕನ್ಯೂರ್ ಅನ್ನೋ ಹೊರದೇಶದ ಗಿಣಿ. ಹಳದಿ ಕಿತ್ತಳೆ, ನೋಡೋಕೆ ಬೆಂಕಿ. ರೇಟು 18 ಸಾವಿರ ಅಂದ್ರು. ಅದು ಒಂದ್ಸಲ ಕಿರುಚ್ತು ನೋಡಿ, ಶುಕವನದ ಬಯಲಲ್ಲಿ ಚಂದ ಅನ್ಸಿದ ಸದ್ದು ನಾಲ್ಕು ಗೋಡೆ ಒಳಗೆ ಕಿವಿಗೆ ಹೊಡ್ದಂಗಾಯ್ತು, ನಮ್ಮ ಮನೆ ಗೋಡೆಗೂ ಪಕ್ಕದ ಮನೆ ಗೋಡೆಗೂ ಮೂರಡಿ ಸಂದಿ ಇಲ್ಲ, ಅವರ ಮನೇಲಿ ಎಸೆಸೆಲ್ಸಿ ಹುಡುಗ ಬೇರೆ.

ಪೇಪರ್ ಬಗ್ಗೆ ಕೇಳ್ದೆ. ಕನ್ಯೂರ್ ಥರದ ಹೊರದೇಶದ ಹಕ್ಕಿ ಇಟ್ಕೊಂಡ್ರೆ 2024ರಲ್ಲಿ ಬಂದ ರೂಲ್ಸ್ ಪ್ರಕಾರ ಪರಿವೇಶ್ ಅನ್ನೋ ಸರ್ಕಾರಿ ಪೋರ್ಟಲಲ್ಲಿ ಅರಣ್ಯ ಇಲಾಖೆ ಹತ್ರ ರಿಜಿಸ್ಟರ್ ಮಾಡಿಸ್ಬೇಕು, ಇದು ನಾನು ಮೊದ್ಲೇ ಓದ್ಕೊಂಡು ಹೋಗಿದ್ದೆ. ಓನರ್ "ಅದೆಲ್ಲ ಏನೂ ಬೇಡಮ್ಮ, ಎಲ್ರೂ ಹಂಗೇ ಸಾಕ್ತಿದ್ದಾರೆ" ಅಂದ್ರು. ಬಿಲ್ ಕೇಳಿದ್ರೆ ಕೈ ಬರಹದ ಚೀಟಿ ಕೊಡ್ತೀನಿ ಅಂತೆ. ಆಮೇಲೆ ನಾನು ಹಿಂದೆ ಮುಂದೆ ನೋಡೋದು ಕಂಡು ದನಿ ತಗ್ಗಿಸಿ "ನಾಟಿ ಗಿಣಿ ಮರಿ ಬೇಕಾದ್ರೆ ಹೇಳಿ, ಸೀಸನ್ನಲ್ಲಿ ತರಿಸ್ಕೊಡ್ತೀನಿ, ಕಮ್ಮಿಗೆ ಆಗುತ್ತೆ, ಮಾತೂ ಚೆನ್ನಾಗಿ ಕಲಿಯುತ್ತೆ" ಅಂದ್ರು. ನಂಗೆ ಹೊಟ್ಟೆ ಒಳಗೆ ಕಿವುಚಿದಂಗಾಯ್ತು. ನಾಟಿ ಗಿಣಿ ಅಂದ್ರೆ ನಮ್ಮ ಅಜ್ಜಿ ಹಿತ್ತಲಿಗೆ ಬರ್ತಿದ್ದ ಅದೇ ಹಸಿರು ಗಿಣಿ. ಮರದ ಪೊಟರೆಗೆ ಕೈ ಹಾಕಿ ಕಣ್ಣು ಬಿಡದ ಮರಿ ಕಿತ್ಕೊಂಡು ಬರ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನ ಹಿಡಿಯೋದು, ಮಾರೋದು, ಮನೇಲಿ ಪಂಜರದಲ್ಲಿಡೋದು ಎಲ್ಲಾ ಅಪರಾಧ. ನಮ್ಮ ಜನಕ್ಕೆ ಇದು ಗೊತ್ತೇ ಇಲ್ಲ, ಗಿಣಿ ಶಾಸ್ತ್ರದೋರ ಹತ್ರ ನೋಡಿ ನೋಡಿ ಸಾಕೋ ಹಕ್ಕಿ ಅಂತಲೇ ಅನ್ಕೊಂಡಿದ್ದಾರೆ. ಬೇಡ ಅಂತ ಗಟ್ಟಿಯಾಗೇ ಹೇಳ್ದೆ.

ಎದ್ದು ಹೊರಡೋಳಿದ್ದೆ, ಒಳಗಡೆ ಪಂಜರ ತೊಳೀತಿದ್ದ ಅಣ್ಣ ಒಬ್ರು, ಐವತ್ತರ ಹತ್ರ ವಯಸ್ಸಿರಬಹುದು, ಕರೆದು "ಮೊದ್ಲು ದಿನಾ ಸಂಜೆ ಬಂದು ಒಂದು ಗಂಟೆ ಹಕ್ಕಿ ಹತ್ರ ಕೂತ್ಕೊಳಮ್ಮ, ಆಮೇಲೆ ಯೋಚ್ನೆ ಮಾಡು" ಅಂದ್ರು. ಈ ಅಂಗಡಿ ಬಗ್ಗೆ ಬರೀಬೇಕು ಅನ್ಸಿದ್ದೇ ಅವರಿಂದ. ಆರು ಸಂಜೆ ಹೋದೆ. ಯಾರೋ ಬಿಟ್ಟುಹೋಗಿದ್ದ ಒಂದು ಬೂದು ಬಣ್ಣದ ಕಾಕಟೀಲ್ ಇತ್ತು, ತಲೆ ಮೇಲೆ ಜುಟ್ಟಿರೋ ಚಿಕ್ಕ ಗಿಣಿ ಜಾತಿ. ಮೊದಲ ದಿನ ನನ್ನ ನೋಡಿದ ತಕ್ಷಣ ಜುಟ್ಟು ನೆಟ್ಟಗೆ ನಿಂತ್ಬಿಡ್ತು, ಹೆದರಿದೆ ಅಂತ ಅಣ್ಣ ಹೇಳಿದ್ರು. ಮೂರನೇ ದಿನ ಕೈಯಿಂದ ನವಣೆ ತೆನೆ ತಿಂತು. ಐದನೇ ದಿನ ನನ್ನ ಹೆಗಲ ಮೇಲೆ ಕೂತು, ಕಣ್ಣು ಅರ್ಧ ಮುಚ್ಚಿ, ಕೊಕ್ಕನ್ನ ಮೆಲ್ಲಗೆ ಕರ ಕರ ಅಂತ ಮಸೀತಾ ಇತ್ತು. ನಿದ್ದೆ ಬಂದಾಗ, ನೆಮ್ಮದಿಯಾಗಿದ್ದಾಗ ಹಂಗೆ ಮಾಡುತ್ತಂತೆ. ನಾನು ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ, ಕಣ್ಣಲ್ಲಿ ನೀರು ಬಂತು ನಿಜವಾಗ್ಲೂ.

ಅಣ್ಣ ಹೇಳ್ಕೊಟ್ಟಿದ್ದು ಒಂದೆರಡಲ್ಲ. ಸೂರ್ಯಕಾಂತಿ ಬೀಜ ಮಾತ್ರ ಹಾಕಿದ್ರೆ ಕೊಬ್ಬು ಕಟ್ಟಿ ಲಿವರ್ ಹೋಗುತ್ತೆ, ಸೊಪ್ಪು ಕ್ಯಾರೆಟ್ ಬೇಕೇ ಬೇಕು, ಬೆಣ್ಣೆಹಣ್ಣು ಮತ್ತೆ ಚಾಕಲೇಟ್ ವಿಷ. ನಾನ್ ಸ್ಟಿಕ್ ತವಾ ಜಾಸ್ತಿ ಕಾದ್ರೆ ಬರೋ ಹೊಗೆಗೆ ಪಕ್ಕದ ರೂಮಲ್ಲಿರೋ ಹಕ್ಕಿ ಕೂಡ ಸತ್ತೋಗಬಹುದು, ಇದು ನಂಗೆ ಗೊತ್ತೇ ಇರ್ಲಿಲ್ಲ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡ್ತಿದ್ರೆ, ಪುಕ್ಕ ಉಬ್ಬಿಸ್ಕೊಂಡು ತಳದಲ್ಲಿ ಕೂತಿದ್ರೆ ಹುಷಾರಿಲ್ಲ ಅಂತ ಅರ್ಥ. ಅಂಥದ್ದೇ ಒಂದು ಅವರ ಅಂಗಡಿ ಕೆಳಗಿನ ಪಂಜರದಲ್ಲೇ ಇತ್ತು, ಬೇರೆ ಹಕ್ಕಿಗಳ ಜೊತೆಗೇ, ಬೇರೆ ಇಡಿ ಅಂತ ಅಣ್ಣ ಹೇಳಿದ್ರೂ ಓನರ್ ಕೇಳ್ತಿರ್ಲಿಲ್ಲ. ಪಂಜರಗಳೂ ಚಿಕ್ಕವು, ರೆಕ್ಕೆ ಪೂರ್ತಿ ಬಿಚ್ಚೋಕಾಗಲ್ಲ. ಇದನ್ನ ನಾನು ಮುಖದ ಮೇಲೇ ಹೇಳಿ ಬಂದಿದೀನಿ.

ಆರನೇ ದಿನ ಅಮ್ಮನ್ನ ಕರ್ಕೊಂಡು ಹೋದೆ. ಕಾಕಟೀಲ್ ಮೈ ಕೊಡವಿದ್ರೆ ಬಿಳಿ ಪುಡಿ ಉದುರುತ್ತೆ, ನನ್ನ ಕಪ್ಪು ಕುರ್ತಾ ಹೆಗಲ ಮೇಲೆ ಹಿಟ್ಟು ಚೆಲ್ಲಿದಂಗೆ ಕಾಣ್ತಿತ್ತು. ಅಮ್ಮಂಗೆ ವೀಸಿಂಗ್ ಇದೆ. ಇಪ್ಪತ್ತು ನಿಮಿಷಕ್ಕೆ ಕೆಮ್ಮು ಶುರುವಾಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಇನ್‌ಹೇಲರ್ ತಗೊಂಡ್ರು, ಆದ್ರೂ "ನಿನ್ನಾಸೆ, ತಗೊ, ಮೇಲಿನ ರೂಮಲ್ಲಿಡೋಣ" ಅಂದ್ರು. ಅಮ್ಮ ಹಂಗೆ ಅಂದಿದ್ದಕ್ಕೇ ನಂಗೆ ಬೇಡ ಅನ್ನಿಸ್ತು. ಕಾಕಟೀಲ್ ಚೆನ್ನಾಗಿ ನೋಡ್ಕೊಂಡ್ರೆ 15, 20 ವರ್ಷ ಬದುಕುತ್ತೆ. ಅಷ್ಟು ವರ್ಷ ಮೇಲಿನ ರೂಮಲ್ಲಿ ಒಂಟಿಯಾಗಿ ಇಡೋಕೆ ಅದನ್ನ ಯಾಕೆ ತರ್ಬೇಕು, ಅದಕ್ಕೆ ಬೇಕಿರೋದು ಮನುಷ್ಯರ ಹೆಗಲು. ನಾಳೆ ನಂಗೆ ಬೆಂಗ್ಳೂರಿಗೆ ಟ್ರಾನ್ಸ್‌ಫರ್ ಆದ್ರೆ ಪಿಜಿಲಿ ಯಾರೂ ಹಕ್ಕಿ ಇಟ್ಕೊಳೋಕೆ ಬಿಡಲ್ಲ.

ತಗೊಳ್ಲಿಲ್ಲ. ಅಣ್ಣಂಗೆ ಹೇಳೋಕೆ ಹೋದಾಗ ಬೇಜಾರು ಮಾಡ್ಕೊಳ್ಲಿಲ್ಲ, ಆ ಕಾಕಟೀಲನ್ನ ಕುವೆಂಪುನಗರದ ರಿಟೈರ್ಡ್ ಮೇಷ್ಟ್ರು ಒಬ್ರು ಕೇಳಿದ್ದಾರೆ, ಮನೇಲಿ ದಿನವಿಡೀ ಇರ್ತಾರೆ, ಮುಂಚೆನೇ ಒಂದು ಹಕ್ಕಿ ಸಾಕಿದ್ದಾರೆ ಅಂದ್ರು. ಕಾಳು, ಕಟಲ್ ಬೋನ್ (ಹಕ್ಕಿ ಕೊಕ್ಕಲ್ಲಿ ಕೆರೆಯೋಕೆ ಪಂಜರದಲ್ಲಿಡೋ ಬಿಳಿ ಚಿಪ್ಪು) ತರೋಕೆ ಈ ಅಂಗಡಿ ಪರವಾಗಿಲ್ಲ, ಫ್ರೆಶ್ ಇರುತ್ತೆ. ಹಕ್ಕಿ ಅಲ್ಲಿ ತಗೊಳಿ ಅಂತ ಮಾತ್ರ ನಾನು ಹೇಳಲ್ಲ, ಆ ಪಂಜರಗಳು ಬದಲಾಗೋವರ್ಗೂ ಹೇಳಲ್ಲ. ನೀವು ಯಾವ ಅಂಗಡಿಗೇ ಹೋದ್ರೂ ಪ್ರಿಂಟೆಡ್ ಬಿಲ್ ಕೇಳಿ, ಕೆಳಗಿನ ಸಾಲಿನ ಪಂಜರ ಬಗ್ಗಿ ನೋಡಿ, ಮನೇಲಿ ಉಸಿರಿನ ತೊಂದ್ರೆ ಇರೋರಿದ್ರೆ ದುಡ್ಡು ಕೊಡೋಕೆ ಮುಂಚೆ ಒಂದ್ಸಲ ಅವರನ್ನೂ ಕರ್ಕೊಂಡು ಹೋಗಿ ಅರ್ಧ ಗಂಟೆ ಕೂರ್ಸಿ.