ದೆಹಲಿಯಲ್ಲಿ ಸೆಕೆಂಡ್‌ಹ್ಯಾಂಡ್ ಬೈಕ್ ತಗೊಂಡು ಲಡಾಖ್‌ಗೆ ಹೊರಡೋರು ಇದನ್ನ ಓದಿ

ಲಡಾಖ್ ಸುತ್ತೋಕೆ ಅಂತ ದೆಹಲಿಯಲ್ಲಿ ಅಗ್ಗದ ಸಣ್ಣ ಗಾಡಿ ಕೊಳ್ಳೋ ಯೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ. "ಗಾಡಿ ತಗೊಳ್ಳಿ, ಸುತ್ತಾಡ್ಕೊಂಡು ಬನ್ನಿ, ವಾಪಸ್ ನಾವೇ ತಗೋತೀವಿ" ಅಂತ ಯಾರೇ ಹೇಳಲಿ, ಅಲ್ಲಿಂದ ಎದ್ದು ಬನ್ನಿ. ಕರೋಲ್ ಬಾಗ್ ಕಡೆಯ ಒಂದು ಅಂಗಡಿಯವನು ಇದೇ ಮಾತು ಹೇಳಿ ನನ್ನ ಹತ್ತಿರ 46 ಸಾವಿರ ಇಸ್ಕೊಂಡ. ದುಡ್ಡು ಹೋಗಿದ್ದು ಒಂದು ಕಡೆ. ಲೇಹ್‌ನಲ್ಲಿ ಅಷ್ಟು ಜನರ ಎದುರು ಕದ್ದ ಗಾಡಿ ತಂದವನ ಥರ ನಿಂತಿದ್ದೆನಲ್ಲ, ಅದನ್ನ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಲೆಕ್ಕ ಎಲ್ಲರೂ ಹಾಕೋದೇ. ಮನಾಲಿಯಲ್ಲಿ ದೊಡ್ಡ ಬೈಕ್ ಬಾಡಿಗೆಗೆ ತಗೊಂಡ್ರೆ ದಿನಕ್ಕೆ ಸಾವಿರದ ಮೇಲೆ, ಸೀಸನ್‌ನಲ್ಲಿ ಇನ್ನೂ ಜಾಸ್ತಿ. ಸ್ಪಿತಿ, ಲೇಹ್, ನುಬ್ರಾ, ಪ್ಯಾಂಗಾಂಗ್ ಎಲ್ಲ ಸೇರಿಸಿ ನಿಧಾನಕ್ಕೆ ಸುತ್ತಬೇಕು ಅಂದ್ರೆ ಬಾಡಿಗೆಯೇ ಒಂದು ಗಾಡಿಯ ರೇಟಿಗೆ ಬರುತ್ತೆ. ಅದರ ಬದಲು ಹಳೇ ಹೀರೋ ಇಂಪಲ್ಸ್ ತಗೊಳ್ಳಿ ಅಂದ ಆ ಅಂಗಡಿಯವನು. ಇಂಪಲ್ಸ್ ಒಳ್ಳೇ ಗಾಡಿ, ಅದರ ಬಗ್ಗೆ ನನಗೆ ಈಗಲೂ ದೂರಿಲ್ಲ. 150 ಸಿಸಿ, ಹಗುರ, ಎತ್ತರ, ಕಲ್ಲು ದಾರಿಗೆ ಹೇಳಿ ಮಾಡಿಸಿದ ಸಸ್ಪೆನ್ಷನ್, ಬಿದ್ದರೆ ಒಬ್ಬನೇ ಎತ್ತಬಹುದು. ಕಂಪನಿ ಅದನ್ನ ನಿಲ್ಲಿಸಿ ವರ್ಷಗಳಾದರೂ ಹುಡುಕಿಕೊಂಡು ಹೋಗಿ ತಗೊಳ್ಳೋ ಜನ ಇದ್ದಾರೆ. 2013ರ ಮಾಡೆಲ್, ದೆಹಲಿ ನಂಬರ್. 46 ಸಾವಿರ ಕೊಡಿ, ವಾಪಸ್ ಬಂದಾಗ 35 ಸಾವಿರಕ್ಕೆ ನಾನೇ ತಗೋತೀನಿ ಅಂದ. ಚೀಟಿಯಲ್ಲಿ ಬರೆದು ಸಹಿಯನ್ನೂ ಹಾಕಿದ.

ಕಾಗದಪತ್ರ ಅಂತ ಕೊಟ್ಟಿದ್ದು ಒರಿಜಿನಲ್ ಆರ್‌ಸಿ ಕಾರ್ಡ್, ಇನ್ಶೂರೆನ್ಸ್‌ನ ಜೆರಾಕ್ಸ್, ಹೆಸರು ಬದಲಾವಣೆಗೆ ಬೇಕಾದ ಫಾರಂ 29 ಮತ್ತು 30 (ಖಾಲಿ, ಹಳೇ ಮಾಲೀಕರ ಸಹಿ ಮಾತ್ರ), ಒಂದು ಸ್ಟಾಂಪ್ ಪೇಪರ್. ನಮ್ಮೂರಲ್ಲೂ ಬ್ರೋಕರ್‌ಗಳು ಹೀಗೇ ಕೊಡ್ತಾರೆ, ಎಲ್ಲರಿಗೂ ಗೊತ್ತು. ಆದರೂ ನಾನು ಬಾಯಿ ಬಿಟ್ಟು ಕೇಳಿದೆ. ಲೇಹ್‌ನಲ್ಲಿ ಹೊರಗಿನ ಬಾಡಿಗೆ ಗಾಡಿ ಓಡಿಸೋಕೆ ಬಿಡಲ್ಲವಂತೆ, ಆರ್‌ಸಿ ನನ್ನ ಹೆಸರಲ್ಲಿ ಇಲ್ಲದಿದ್ದರೆ ತೊಂದರೆ ಆಗಲ್ವಾ ಅಂತ. ಅವನ ಉತ್ತರ ನನಗೆ ಅಕ್ಷರ ಅಕ್ಷರ ನೆನಪಿದೆ. "ಬಾಡಿಗೆ ಗಾಡಿಗೆ ತಾನೇ ತೊಂದರೆ ಸರ್? ಇದು ನಿಮ್ಮ ಸ್ವಂತ ಗಾಡಿ. ಆರ್‌ಸಿ ಹದಿನೈದು ದಿನದಲ್ಲಿ ಆನ್‌ಲೈನ್‌ನಲ್ಲೇ ನಿಮ್ಮ ಹೆಸರಿಗೆ ಬಂದುಬಿಡುತ್ತೆ." ಆಧಾರ್ ಕಾರ್ಡ್ ಫೋಟೋ ತಗೊಂಡ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ತಗೊಂಡ, ಟ್ರಾನ್ಸ್‌ಫರ್‌ಗೆ ಅಂತ ಬೇರೆ ಮೂರು ಸಾವಿರ ತಗೊಂಡ. ನಂಬದೇ ಇರೋಕೆ ಏನು ಕಾರಣ ಇತ್ತು ಹೇಳಿ.

ಗಾಡಿಯ ಬಣ್ಣ ಬಯಲಾಗಿದ್ದು ಮನಾಲಿ-ಲೇಹ್ ದಾರಿಯ ಕೇಲಾಂಗ್‌ನಲ್ಲಿ. ಅಟಲ್ ಟನಲ್ ದಾಟಿದ ಮೇಲೆ ಏರಿನಲ್ಲಿ ಹಿಂದೆ ಹೊಗೆ ಬರೋಕೆ ಶುರುವಾಯ್ತು. ಫೋನ್ ಮಾಡಿದೆ. "ಹೈಟ್ ಕಾ ಅಸರ್ ಹೈ ಸರ್, ಸಬ್ ಗಾಡಿ ಮೇ ಹೋತಾ ಹೈ" ಅಂದ, ಎತ್ತರದಿಂದ ಎಲ್ಲ ಗಾಡಿಗೂ ಹೀಗಾಗುತ್ತೆ ಅಂತ. ಎತ್ತರಕ್ಕೆ ಹೋದಂತೆ ಕಾರ್ಬುರೇಟರ್ ಗಾಡಿ ಸೊರಗೋದು ನಿಜ, ಗಾಳಿ ತೆಳು, ಪೆಟ್ರೋಲ್ ಜಾಸ್ತಿ ಹೋಗುತ್ತೆ. ಆದರೆ ಕೇಲಾಂಗ್‌ನ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಹೆಬ್ಬೆರಳಿಂದ ಒರೆಸಿ ನನಗೆ ತೋರಿಸಿದ. ಪೆಟ್ರೋಲ್ ಜಾಸ್ತಿ ಆಗಿದ್ದರೆ ಒಣ ಕಪ್ಪು ಮಸಿ ಇರಬೇಕು, ಹೊಗೆಯೂ ಕಪ್ಪು. ಇಲ್ಲಿ ಪ್ಲಗ್ ಎಣ್ಣೆಯಲ್ಲಿ ಅದ್ದಿದ ಹಾಗೆ ಒದ್ದೆ, ಹೊಗೆ ನೀಲಿ ಬೆರೆತ ಬಿಳಿ. ಇಂಜಿನ್ ಆಯಿಲ್ ಕುಡೀತಿದೆ, ರಿಂಗ್ ಪಿಸ್ಟನ್ ಹೋಗಿದೆ, ಸಿಲಿಂಡರ್ ಬೋರ್ ಮಾಡಿಸಬೇಕು ಅಂದ. ದೆಹಲಿಯಲ್ಲಿ ಗೊತ್ತಾಗದೇ ಇರಲಿ ಅಂತ ಗಟ್ಟಿ ಆಯಿಲ್ ತುಂಬಿಸಿದ್ದರು ಅಂತಲೂ ಹೇಳಿದ. ನಾನು ಹೋದಾಗ ಗಾಡಿ ಆಗಲೇ ಬಿಸಿಯಾಗಿತ್ತು, "ಈಗ ತಾನೇ ವಾಶ್‌ಗೆ ಹೋಗಿ ಬಂತು" ಅಂದಿದ್ದ ಅಂಗಡಿಯವನು. ಬಿಸಿ ಮಾಡಿಟ್ಟಿದ್ದೇ ಅದಕ್ಕೆ.

ಕೇಲಾಂಗ್ ಹತ್ತಿರದ ತಾಂಡಿ ಬಂಕ್ ಬಿಟ್ಟರೆ ಮುಂದಿನ ಬಂಕ್ 365 ಕಿಲೋಮೀಟರ್ ದೂರ ಅಂತ ಬೋರ್ಡ್ ಇದೆ ಅನ್ನೋದು ಆ ದಾರಿಗೆ ಹೋಗೋರಿಗೆಲ್ಲ ಗೊತ್ತು. ಎಲ್ಲರೂ ಕ್ಯಾನಲ್ಲಿ ಪೆಟ್ರೋಲ್ ಕಟ್ಕೊಂಡು ಹೋಗ್ತಾರೆ. ನಾನು ಪೆಟ್ರೋಲ್ ಜೊತೆಗೆ ಆಯಿಲ್ ಡಬ್ಬಗಳನ್ನೂ ಕಟ್ಕೊಂಡು ಹೋದೆ. ಬಾರಾಲಾಚಾ ಲಾ, ಗಾಟಾ ಲೂಪ್ಸ್, ಮೋರೆ ಬಯಲು, ತಂಗ್ಲಂಗ್ ಲಾ, ಯಾವುದನ್ನೂ ಕಣ್ತುಂಬ ನೋಡಲಿಲ್ಲ. ಇಡೀ ದಾರಿ ಇಂಜಿನ್ ಸದ್ದಿನ ಮೇಲೇ ಕಿವಿ.

ಇಷ್ಟಾದರೂ ಲೇಹ್ ಮುಟ್ಟಿದೆನಲ್ಲ ಅನ್ನೋ ಸಮಾಧಾನ ಇತ್ತು. ಪರ್ಮಿಟ್ ಮಾಡಿಸ್ಕೊಂಡು ನುಬ್ರಾ ದಾರಿಯ ಖರ್ದುಂಗ್ ಲಾ ಕಡೆ ಹೊರಟರೆ ದಾರಿಯಲ್ಲಿ ಅಲ್ಲಿನ ಬಾಡಿಗೆ ಬೈಕ್‌ನವರು ನಿಲ್ಲಿಸಿದರು. ಹೊರಗಿನ ಬಾಡಿಗೆ ಗಾಡಿಗಳನ್ನ ಅವರು ಲೇಹ್‌ನಿಂದ ಮುಂದೆ ಬಿಡಲ್ಲ, ಅದು ಅವರ ಹೊಟ್ಟೆಪಾಡು, ಅವರ ಮೇಲೆ ನನಗೆ ಸಿಟ್ಟಿಲ್ಲ. ಹುಡುಗ ಮರ್ಯಾದೆಯಿಂದಲೇ ಆರ್‌ಸಿ ಕೇಳಿದ, ಆಧಾರ್ ಕೇಳಿದ. ಎರಡನ್ನೂ ಒಂದೇ ಕೈಯಲ್ಲಿ ಪಕ್ಕಪಕ್ಕ ಹಿಡಿದು ನೋಡಿದ. ಹೆಸರು ಬೇರೆ, ಊರು ಬೇರೆ, ರಾಜ್ಯವೇ ಬೇರೆ. "ಸರ್, ಯೇ ರೆಂಟಲ್ ಹೈ" ಅಂದ. ಅಲ್ಲ, ಕೊಂಡಿದ್ದೀನಿ ಅಂತ ಸ್ಟಾಂಪ್ ಪೇಪರ್ ತೋರಿಸಿದೆ. ಅವನು ಅದನ್ನ ಬಿಡಿಸಿಯೂ ನೋಡಲಿಲ್ಲ. ದೆಹಲಿಯಿಂದ ಬರೋರೆಲ್ಲ ಇದೇ ಪೇಪರ್ ತರ್ತಾರೆ ಅಂದ. ಪಕ್ಕದಲ್ಲಿ ಕರ್ನಾಟಕ ನಂಬರ್‌ನ ಗಾಡಿಗಳಲ್ಲಿ ಬಂದ ನಮ್ಮವರೇ ಒಂದು ಗುಂಪು ನಿಂತಿತ್ತು. ಅವರ ಆರ್‌ಸಿ ನೋಡಿ ಕಳಿಸಿದರು. ನಾನು ಕನ್ನಡದವನು ಅಂತ ಗೊತ್ತಾಗಿ ಒಬ್ಬರು "ಏನಾಯ್ತು ಗುರು" ಅಂತ ಕೇಳಿದಾಗ ನನಗೆ ಉತ್ತರ ಹೊರಡಲಿಲ್ಲ.

ಅಲ್ಲೇ ನಿಂತು ಅಂಗಡಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ವಾಟ್ಸಾಪ್ ಹಾಕಿದೆ, ನೀಲಿ ಟಿಕ್ ಬಂತು. ಸಂಜೆ ಹೊತ್ತಿಗೆ ವಾಯ್ಸ್ ಮೆಸೇಜ್: "ಭಾಯ್ ಸಾಬ್, ಕಸಿನ್ ಕಾ ಗಾಡಿ ಹೈ ಬೋಲ್ ದೋ." ಹದಿನೈದು ದಿನದಲ್ಲಿ ನಿಮ್ಮ ಹೆಸರಿಗೆ ಬರುತ್ತೆ ಅಂದವನು ಈಗ ಕಸಿನ್ ಗಾಡಿ ಅಂತ ಸುಳ್ಳು ಹೇಳು ಅಂತಾನೆ! ಟ್ರಾನ್ಸ್‌ಫರ್ ಏನಾಯ್ತು ಅಂದರೆ "ಪ್ರೋಸೆಸ್ ಮೇ ಹೈ". ಯಾವ ಆರ್‌ಟಿಓ, ಅರ್ಜಿ ನಂಬರ್ ಕೊಡಿ ಅಂದರೆ "ಟೆನ್ಶನ್ ಮತ್ ಲೋ". ಮತ್ತೆ ಕೇಳಿದರೆ ಕೈ ಮುಗಿಯೋ ಇಮೋಜಿ. ಮತ್ತೆ ಕೇಳಿದರೆ ಅದೂ ಇಲ್ಲ.

ಅಸಲಿಗೆ ಆ ಟ್ರಾನ್ಸ್‌ಫರ್ ಆಗೋಕೆ ಸಾಧ್ಯವೇ ಇರಲಿಲ್ಲ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೈಪೊತಿಕೇಶನ್, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನೋ ನಮೂದು, ಹಾಗೇ ಇತ್ತು. ಫೈನಾನ್ಸ್‌ನವರು ಎನ್‌ಓಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಕೊಟ್ಟು, ಫಾರಂ 35 ಹಾಕಿ ಅದನ್ನ ತೆಗೆಸೋ ತನಕ ಹೆಸರು ಬದಲಾಗಲ್ಲ. ಮೇಲಾಗಿ ನನ್ನ ವಿಳಾಸ ಕರ್ನಾಟಕದ್ದು. ದೆಹಲಿಯಲ್ಲಿ ವಿಳಾಸ ಇಲ್ಲದವನ ಹೆಸರಿಗೆ ಬರಬೇಕಾದರೆ ಅಲ್ಲಿನ ಆರ್‌ಟಿಓದಿಂದ ಫಾರಂ 28ರ ಎನ್‌ಓಸಿ ತಗೊಂಡು, ಗಾಡಿ ಇಲ್ಲಿಗೆ ತಂದು, ಇಲ್ಲಿನ ಟ್ಯಾಕ್ಸ್ ಕಟ್ಟಿ ರಿಜಿಸ್ಟರ್ ಮಾಡಿಸಬೇಕು. ದಿನಾ ಹೊರ ರಾಜ್ಯದವರಿಗೆ ಗಾಡಿ ಮಾರೋ ಅವನಿಗೆ ಇದು ಗೊತ್ತಿರಲಿಲ್ವಾ? ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮೂರು ಸಾವಿರ ಬೇರೆ ಇಸ್ಕೊಂಡ.

ಇನ್ಶೂರೆನ್ಸ್ ಜೆರಾಕ್ಸ್‌ನಲ್ಲಿ ಹಳೇ ಮಾಲೀಕರ ನಂಬರ್ ಇತ್ತು. ವಯಸ್ಸಾದವರು, ಪಾಪ. ಗಾಡಿ ಮಾರಿ ಬಹಳ ದಿನ ಆಯ್ತು, ಹೆಸರು ಬದಲಾಯಿಸಿಕೊಡ್ತೀನಿ ಅಂತ ಅಂಗಡಿಯವನು ಸಹಿ ಹಾಕಿಸ್ಕೊಂಡು ಹೋದ, ಈಗಲೂ ಚಲನ್ ಎಲ್ಲ ನನಗೇ ಬರುತ್ತೆ ಬೇಟಾ ಅಂದರು. ಹಿಮಾಚಲದ ಒಂದು ಇ-ಚಲನ್ ಬೇರೆಯವರು ಓಡಿಸಿದ್ದಾಗಿನದು. ಅಂದರೆ ಇದೇ ಗಾಡಿಯನ್ನ ನನಗಿಂತ ಮುಂಚೆಯೂ ಹೀಗೇ "ಮಾರಿದ್ದಾನೆ". ಹೀಗೆ ಮಾರಾಟದ ಹೆಸರಲ್ಲಿ ಬಾಡಿಗೆ ದಂಧೆ ಮಾಡಿದರೆ ಬಾಡಿಗೆಗೆ ಬಿಡೋ ಲೈಸೆನ್ಸ್ ಬೇಡ, ಕಮರ್ಷಿಯಲ್ ನಂಬರ್ ಪ್ಲೇಟ್ ಬೇಡ, ರಿಪೇರಿ ಖರ್ಚು ನಮ್ಮದು, ಆಕ್ಸಿಡೆಂಟ್ ಆದರೆ ತಲೆನೋವು ಆ ಹಿರಿಯರದು.

ಲೇಹ್‌ನಲ್ಲಿ ಅಲ್ಲಿನ ಬೈಕ್ ಬಾಡಿಗೆಗೆ ತಗೊಂಡೇ ನುಬ್ರಾಗೆ ಹೋಗಬೇಕಾಯ್ತು. ಯಾವ ಬಾಡಿಗೆ ಉಳಿಸೋಕೆ ಗಾಡಿ ಕೊಂಡೆನೋ ಅದೇ ಬಾಡಿಗೆ.

ದೆಹಲಿಗೆ ವಾಪಸ್ ಬಂದು ಅಂಗಡಿ ಮುಂದೆ ನಿಂತಾಗ ಅವನ ಮುಖದಲ್ಲಿ ಒಂದು ಚೂರು ನಾಚಿಕೆ ಇರಲಿಲ್ಲ. ಟೀ ತರಿಸಿದ. ಗಾಡಿ ಸುತ್ತ ಒಂದು ರೌಂಡ್ ಹಾಕಿ, ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಬಾಯಿಗೆ ಕೈ ಹಿಡಿದು, "ಇಂಜಿನ್ ತೋ ಆಪ್ನೇ ಖತಮ್ ಕರ್ ದಿಯಾ" ಅಂದ. ಇಂಜಿನ್ ನಾನು ಹಾಳು ಮಾಡಿದೆನಂತೆ! ಕೇಲಾಂಗ್ ಮೆಕ್ಯಾನಿಕ್‌ನ ಬಿಲ್ ತೋರಿಸಿದೆ, ದಾರಿಯಲ್ಲಿ ಕಳಿಸಿದ ವಿಡಿಯೋ ತೋರಿಸಿದೆ. "ಪಹಾಡ್ ವಾಲೇ ಮೆಕ್ಯಾನಿಕ್ ಕೋ ಕ್ಯಾ ಪತಾ" ಅಂದ, ಬೆಟ್ಟದ ಮೆಕ್ಯಾನಿಕ್‌ಗೆ ಏನು ಗೊತ್ತು ಅಂತ. 35 ಸಾವಿರ ಅಂದವನು 12 ಸಾವಿರ ಕೊಡ್ತೀನಿ ಅಂದ. ಚೀಟಿ ತೋರಿಸಿದರೆ, "ಗುಡ್ ಕಂಡೀಷನ್ ಅಂತ ಬರೆದಿದೆ ನೋಡಿ ಸರ್" ಅಂತ ಬೆರಳಿಟ್ಟು ತೋರಿಸಿದ. ಹಿಂದಿಯಲ್ಲಿ ಗೀಚಿದ ಸಾಲಿನ ಕೊನೆಗೆ ಆ ಎರಡು ಪದ ಇದ್ದವು. ಪಕ್ಕದ ಅಂಗಡಿಯವರು ನಗ್ತಾ ನೋಡ್ತಿದ್ದರು. ನನಗೆ ರೈಲಿನ ಟೈಮ್ ಆಗಿತ್ತು, ಅದೂ ಅವನಿಗೆ ಗೊತ್ತಿತ್ತು. ಅದಕ್ಕೇ ಟೀ, ಅದಕ್ಕೇ ನಿಧಾನ.

ಗಾಡಿ ಕೊಡಲಿಲ್ಲ ನಾನು. ಕೊಟ್ಟಿದ್ದರೆ ಮಾರನೇ ದಿನ ಅದನ್ನೇ ಇನ್ನೊಬ್ಬ ಕನ್ನಡದ ಹುಡುಗನಿಗೆ ಅಂಟಿಸ್ತಿದ್ದ. ಹಳೇ ಮಾಲೀಕರ ಮನೆಗೇ ಹೋಗಿ ಅವರ ಅಂಗಳದಲ್ಲಿ ನಿಲ್ಲಿಸಿ, ಕೀ ಕೊಟ್ಟು, ಬರೆಸಿಕೊಂಡು ಬಂದೆ.

ಹೋಗೋರಿಗೆ ಇಷ್ಟೇ. ನಿಮ್ಮದೇ ಗಾಡಿ ರೈಲಿಗೆ ಹಾಕಿ. ಟ್ಯಾಂಕ್ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು ಪಾರ್ಸೆಲ್ ಬುಕ್ ಮಾಡಿದರೆ ದೆಹಲಿಗೆ ಬರುತ್ತೆ. ಮನೆಯಲ್ಲಿರೋ ಸ್ಪ್ಲೆಂಡರ್ ಸಾಕು, ಅದರಲ್ಲೇ ಲೇಹ್‌ಗೆ ಬಂದವರನ್ನ ನೋಡಿದೆ, ಅವರನ್ನ ಯಾರೂ ತಡೀಲಿಲ್ಲ. ಕೊಳ್ಳಲೇಬೇಕು ಅಂತಿದ್ದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಫೈನಾನ್ಸ್ ಇದೆಯಾ ನೋಡಿ, ಚಲನ್ ಬಾಕಿ ನೋಡಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಓದಿಂದ ಅಧಿಕಾರ ಪತ್ರ ತಗೋಬೇಕು ಅನ್ನೋ ನಿಯಮ ಇದೆ, ಅದನ್ನ ತೋರಿಸು ಅನ್ನಿ. ತಣ್ಣಗಿರೋ ಇಂಜಿನ್ನನ್ನೇ ಸ್ಟಾರ್ಟ್ ಮಾಡಿ ನೋಡಿ. ಹೆಸರು ಬದಲಾಗೋ ತನಕ ಪೂರ್ತಿ ದುಡ್ಡು ಕೊಡಬೇಡಿ. ವಾಪಸ್ ತಗೋತೀನಿ ಅನ್ನೋ ಚೀಟಿಗೆ ಮೂರು ಕಾಸಿನ ಬೆಲೆ ಇಲ್ಲ.

ಗ್ರಾಹಕ ಆಯೋಗಕ್ಕೆ ದೂರು ಹಾಕಿದ್ದೀನಿ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ದೆಹಲಿಗೆ ಅಲೆಯಬೇಕಿಲ್ಲ. ಇದನ್ನ ಅವನಿಗೆ ಮೆಸೇಜ್ ಮಾಡಿದ ಮೇಲೆ ಮೊದಲ ಸಲ ಅವನೇ ಫೋನ್ ಮಾಡಿದ, "ಸರ್, 20 ಸಾವಿರಕ್ಕೆ ಸೆಟಲ್ ಮಾಡ್ಕೊಳ್ಳೋಣ" ಅಂತ. ನಾನು ಒಪ್ಪಿಲ್ಲ. ಇದೇ ಥರ ದುಡ್ಡು ಕಳ್ಕೊಂಡವರು ಇದ್ದರೆ ಯುಪಿಐ ಸ್ಕ್ರೀನ್‌ಶಾಟ್, ವಾಯ್ಸ್ ಮೆಸೇಜ್, ಆ ಚೀಟಿ, ಯಾವುದನ್ನೂ ಅಳಿಸಬೇಡಿ. ನೀವೂ ದೂರು ಹಾಕಿ.